ಏಳು ವರ್ಷ ಕಾರ್ಖಾನೆ ಕೆಲಸ ಮಾಡಿ ಈಗ ಹಣಕಾಸಿನ ಕಡೆ ಹೊರಟಿದ್ದೇನೆ, ಯಾವ ಬಿಸಿನೆಸ್ ಸ್ಕೂಲ್ ಆರಿಸಲಿ?

ಬೊಮ್ಮಸಂದ್ರದಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಎಂಜಿನಿಯರ್, ವಯಸ್ಸು 30. ವಾಹನದ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಮೊದಲು ಕ್ವಾಲಿಟಿ, ಆಮೇಲೆ ಪರ್ಚೇಸ್ ವಿಭಾಗದಲ್ಲಿದ್ದೇನೆ. ಷೇರು ವಿಶ್ಲೇಷಣೆ ಅಥವಾ ಹೂಡಿಕೆಯ ಕೆಲಸಕ್ಕೆ ಹೋಗಬೇಕೆಂಬ ಆಸೆ. ಐಎಸ್‌ಬಿಯ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಒಂದು ವರ್ಷದ ಪಿಜಿಪಿ ಅನ್ನುವ ಸ್ನಾತಕೋತ್ತರ ಕೋರ್ಸ್, ಐಐಎಂ ಕೋಝಿಕೋಡ್‌ನ ಎರಡು ವರ್ಷದ ಎಂಬಿಎ, ಎರಡರಲ್ಲೂ ಸೀಟು ಸಿಕ್ಕಿದೆ. ಮನೆಯಲ್ಲಿ ಮಾತ್ರ, ಕೆಲಸ ಬಿಡಬೇಡ, ಐಐಎಂ ಬೆಂಗಳೂರಿನ ವೀಕೆಂಡ್ ಕೋರ್ಸ್ ಮಾಡು ಅಂತಿದ್ದಾರೆ. ಹೆಂಡತಿಗೂ ಕೆಲಸ ಇದೆ. ಚನ್ನಗಿರಿ ಹತ್ತಿರ ಅಪ್ಪನ ಸಣ್ಣ ಅಡಿಕೆ ತೋಟ ಬಿಟ್ಟರೆ ಬೇರೆ ಆಸ್ತಿ ಇಲ್ಲ. ಈ ದಾರಿಯಲ್ಲಿ ಹೋದವರು ದಯವಿಟ್ಟು ಅನುಭವ ಹೇಳಿ.

ಗುರುಗ್ರಾಮದಿಂದ, ಒಂದು ವರ್ಷದ ಕೋರ್ಸ್ ಮಾಡಿದವರು:

ಸರ್, ನಾನೂ ಕಾರ್ಖಾನೆಯಿಂದಲೇ ಬಂದವನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಯಾವ ಶಾಲೆ ದೊಡ್ಡದು ಅನ್ನುವುದನ್ನು ಸದ್ಯ ಪಕ್ಕಕ್ಕಿಡಿ. ನೀವು ಏನೇನನ್ನು ಬದಲಾಯಿಸಬೇಕು ಎಂದು ಬಿಡಿಸಿ ಬರೆದುಕೊಳ್ಳಿ. ಮಾಡುವ ಕೆಲಸವೇ, ಉದ್ಯಮವೇ, ಊರೇ? ನಿಮ್ಮ ಪ್ರಶ್ನೆಯ ಪ್ರಕಾರ ಕೆಲಸವೂ ಬದಲಾಗಬೇಕು, ಉದ್ಯಮವೂ ಬದಲಾಗಬೇಕು. ಷೇರು ವಿಶ್ಲೇಷಣೆಯ ಕೆಲಸ ಹೆಚ್ಚಾಗಿ ಮುಂಬೈಯಲ್ಲಿರುವುದರಿಂದ ಊರೂ ಬದಲಾಗಬೇಕಾದೀತು.

ಒಂದು ವರ್ಷದ ಕೋರ್ಸಿಗೆ ಬರುವ ಕಂಪನಿಗಳು ನಿಮ್ಮ ಹಿಂದಿನ ಅನುಭವಕ್ಕೆ ಬೆಲೆ ಕಟ್ಟಿಯೇ ಕೆಲಸ ಕೊಡುತ್ತವೆ. ಆ ಕೋರ್ಸಿನ ಬಲ ಅದೇ, ನಿಮ್ಮಂಥವರಿಗೆ ತೊಡಕೂ ಅದೇ. ನನ್ನನ್ನು ಕನ್ಸಲ್ಟಿಂಗ್ ಕಂಪನಿಯೊಂದು ತೆಗೆದುಕೊಂಡಿತು, ಹಾಕಿದ್ದು ಆಪರೇಷನ್ಸ್ ತಂಡಕ್ಕೆ, ಮೊದಲ ಪ್ರಾಜೆಕ್ಟೇ ಒಂದು ಫೌಂಡ್ರಿಯದು. ನನಗೆ ಬೇಕಿದ್ದದ್ದೂ ಅದೇ ಆಗಿದ್ದರಿಂದ ಸಂತೋಷವಾಗಿದ್ದೇನೆ. ನಮ್ಮ ಬ್ಯಾಚಿನಲ್ಲಿ ಉತ್ಪಾದನೆಯಿಂದ ನೇರವಾಗಿ ಹೂಡಿಕೆ ಬ್ಯಾಂಕಿಂಗ್‌ಗೆ ಹಾರಲು ಹೊರಟವರಿಗೆ ಶಾರ್ಟ್‌ಲಿಸ್ಟ್ ಸಿಗುವುದೇ ಕಷ್ಟವಾಯಿತು. ಅಲ್ಲಿಗೆ ತಲುಪಿದವರಲ್ಲಿ ಹೆಚ್ಚಿನವರು ಸಿಎ ಮಾಡಿದವರು, ಇಲ್ಲವೇ ಮೊದಲೇ ಬ್ಯಾಂಕಿನಲ್ಲಿದ್ದವರು.

ಇನ್ನೊಂದು ಮುಖ್ಯ ಸಂಗತಿ ಸಮಯ. ಒಂದು ವರ್ಷದ ಕೋರ್ಸಿನಲ್ಲಿ ಬೇಸಿಗೆಯ ಇಂಟರ್ನ್‌ಶಿಪ್‌ಗೆ ಜಾಗವಿಲ್ಲ. ಐಎಸ್‌ಬಿಯಲ್ಲಿ ತಂಡವಾಗಿ ಕಂಪನಿಯೊಂದರ ನಿಜವಾದ ಸಮಸ್ಯೆಯ ಮೇಲೆ ಕೆಲಸ ಮಾಡುವ ಅವಕಾಶ ಇದೆ, ಅದನ್ನು ಖಂಡಿತ ಹಿಡಿಯಿರಿ. ಆದರೆ ಹೂಡಿಕೆ ಸಂಸ್ಥೆಯ ಮೇಜಿನಲ್ಲಿ ಕೂತು ಎರಡು ತಿಂಗಳು ದುಡಿದ ಅನುಭವಕ್ಕೆ ಅದು ಸಮನಲ್ಲ. ಮೂಲ ವಿಷಯಗಳ ಪರೀಕ್ಷೆ ಮುಗಿಯುವಷ್ಟರಲ್ಲಿ ರೆಸ್ಯೂಮೆ ತಿದ್ದುವ ಹೊತ್ತು ಬಂದಿರುತ್ತದೆ. ಏನಾಗಬೇಕೆಂದು ಮೊದಲೇ ಗೊತ್ತಿದ್ದವರಿಗೆ ಈ ವೇಗ ವರ. ಅಲ್ಲಿ ಹೋಗಿ ಹುಡುಕಿಕೊಳ್ಳುತ್ತೇನೆ ಅನ್ನುವವರಿಗೆ ಉಸಿರುಗಟ್ಟುತ್ತದೆ.

ಒಂದು ಚಿಕ್ಕ ವಿಚಾರವೂ ಗಮನದಲ್ಲಿರಲಿ. 2017ರ ಐಐಎಂ ಕಾಯ್ದೆ ಬಂದ ಮೇಲೆ ಐಐಎಂಗಳು ಡಿಪ್ಲೊಮಾ ಬದಲು ಎಂಬಿಎ ಪದವಿಯನ್ನೇ ಕೊಡುತ್ತಿವೆ. ಐಎಸ್‌ಬಿ ಪಿಜಿಪಿ ವಿಶ್ವವಿದ್ಯಾಲಯದ ಪದವಿ ಅಲ್ಲ. ಖಾಸಗಿ ಕಂಪನಿಗಳು ಇದನ್ನು ಕೇಳುವುದೂ ಇಲ್ಲ. ಮುಂದೆ ಪಿಎಚ್‌ಡಿ ಅಥವಾ ಸರ್ಕಾರಿ ಸಂಸ್ಥೆಯ ಹುದ್ದೆಯ ಯೋಚನೆ ಇದ್ದರೆ ಮಾತ್ರ ಈಗಲೇ ವಿಚಾರಿಸಿಕೊಳ್ಳಿ.

ಮುಂಬೈಯಿಂದ, ಎರಡು ವರ್ಷದ ಎಂಬಿಎ ಮಾಡಿದವರು:

ನಾನು ಮಂಗಳೂರಿನವಳು. ಸಾಫ್ಟ್‌ವೇರ್ ಟೆಸ್ಟಿಂಗ್ ಬಿಟ್ಟು ಐಐಎಂ ಒಂದರಲ್ಲಿ ಎರಡು ವರ್ಷ ಓದಿ ಈಗ ಬ್ಯಾಂಕೊಂದರಲ್ಲಿ ಕಂಪನಿ ಸಾಲಗಳ ಕೆಲಸದಲ್ಲಿದ್ದೇನೆ. ಮೇಲಿನವರು ಹೇಳಿದ ಇಂಟರ್ನ್‌ಶಿಪ್ ವಿಷಯಕ್ಕೆ ನನ್ನದೇ ಸಾಕ್ಷಿ. ಮೊದಲ ವರ್ಷ ಮಳೆಗಾಲ ಕಳೆಯುತ್ತಿದ್ದಂತೆ ಇಂಟರ್ನ್‌ಶಿಪ್ ಆಯ್ಕೆ ನಡೆಯುತ್ತದೆ, ಮುಂದಿನ ಏಪ್ರಿಲ್ ಮೇ ತಿಂಗಳಲ್ಲಿ ಹೋಗಿ ಕೆಲಸ ಮಾಡಿ ಬರುತ್ತೇವೆ. ಆ ಆಯ್ಕೆಯಲ್ಲಿ ಕಂಪನಿಗಳು ಹಿಂದಿನ ಕೆಲಸವನ್ನು ಅಷ್ಟಾಗಿ ಹಿಡಿದು ಕೂರುವುದಿಲ್ಲ. ನನಗೆ ಬ್ಯಾಂಕಿನ ಬಾಗಿಲು ತೆರೆದದ್ದು ಅಲ್ಲಿಯೇ, ಕೊನೆಗೆ ಅವರೇ ಕಾಯಂ ಕೆಲಸಕ್ಕೂ ಕರೆದರು. ಎರಡನೇ ವರ್ಷ ಪೂರ್ತಿ ಹಣಕಾಸಿನ ಐಚ್ಛಿಕ ವಿಷಯಗಳನ್ನೇ ತೆಗೆದುಕೊಂಡೆ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ಬ್ಯಾಚಿನಲ್ಲಿ ಹೆಚ್ಚಿನವರು ನಿಮಗಿಂತ ಆರೇಳು ವರ್ಷ ಚಿಕ್ಕವರು. ಕೆಲಸ ಸಿಗುವಾಗ ಅವರಿಗೆ ಕೊಡುವ ಹುದ್ದೆಯೇ ನಿಮಗೂ ಸಿಗಬಹುದು, ನಿಮ್ಮ ಏಳು ವರ್ಷ ಲೆಕ್ಕಕ್ಕೇ ಬರದಿರಬಹುದು. ಕೆಲಸದ ಅನುಭವ ಇದ್ದವರಿಗೆ ಬೇರೆಯಾಗಿ ಲ್ಯಾಟರಲ್ ನೇಮಕಾತಿ ನಡೆಯುತ್ತದೆ, ಆದರೆ ಅಲ್ಲಿ ಮತ್ತೆ ಹಳೆಯ ಅನುಭವಕ್ಕೇ ಬೆಲೆ. ಹೊಸ ಕ್ಷೇತ್ರದಲ್ಲಿ ಹೊಸಬನಾಗಿ ಸೇರಲು ಮನಸ್ಸು ಒಪ್ಪುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ, ಹೆಂಡತಿಯ ಜೊತೆಗೂ ಮಾತಾಡಿ. ಒಪ್ಪಿದರೆ ಕೋಝಿಕೋಡ್ ನಿಮಗೆ ಸರಿಯಾದ ಜಾಗ ಅಂತಲೇ ನನ್ನ ಅಭಿಪ್ರಾಯ. (ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕೋಝಿಕೋಡ್‌ನಿಂದ ಬೆಂಗಳೂರಿಗೆ ಓಡಾಡುವಾಗ ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.)

ಧಾರವಾಡದಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ:

ನೋಡಪಾ ತಮ್ಮಾ, ಸಾಲದ ಮಾತು ಯಾರೂ ಎತ್ತಲಿಲ್ಲ, ನಾ ಎತ್ತತೀನಿ. ಅಪ್ಪನ ತೋಟದ ಕಾಗದಪತ್ರಕ್ಕ ಕೈ ಹಚ್ಚಬ್ಯಾಡ. ಐಐಎಂ, ಐಎಸ್‌ಬಿ ಅಂಥಾ ಕಾಲೇಜಿಗೆ ದೊಡ್ಡ ಸರ್ಕಾರಿ ಬ್ಯಾಂಕು ಆಸ್ತಿ ಅಡ ಇಲ್ಲದನ ಸಾಲ ಕೊಡ್ತಾವು. ಮೊದಲು ಅಲ್ಲಿ ಕೇಳು.

ಲೆಕ್ಕ ಹಿಂಗ ಅದ. 30 ಲಕ್ಷ ಸಾಲ, ಬಡ್ಡಿ 9, ಅವಧಿ 10 ವರ್ಷ ಅಂತ ಹಿಡಿ. ತಿಂಗಳಿಗೆ ಕಂತು ಸುಮಾರು 38,000. ಎಲ್ಲಾ ತೀರೂದ್ರಾಗ ಕಟ್ಟಿದ್ದು 45 ಲಕ್ಷ ದಾಟತದ. ಓದು ಮುಗಿಯೂತನಕ ಕಂತು ಇಲ್ಲ ಅಂತ ಹುಡುಗರು ನಿಶ್ಚಿಂತಿ ಇರತಾರ, ಆದರ ಬಡ್ಡಿ ಅವಾಗೂ ಓಡ್ತಿರತದ. ಕಟ್ಟಲಿಕ್ಕೆ ಆದರ ಓದೂವಾಗನ ಬಡ್ಡಿಯಷ್ಟು ಕಟ್ಟಕೋತ ಹೋಗು, ಅಸಲಿಗೆ ಸೇರೂದಿಲ್ಲ. ಆದಾಯ ತೆರಿಗಿಯೊಳಗ ಈ ಬಡ್ಡಿಗೆ ಎಂಟು ವರ್ಷ ವಿನಾಯ್ತಿ ಅದ, ಆದರ ಹಳೇ ತೆರಿಗಿ ಪದ್ಧತಿಯೊಳಗ ಇದ್ದವರಿಗೆ ಅಷ್ಟ. ಹೊಸಾ ಪದ್ಧತಿಗೆ ಹೋದರ ಅದು ಸಿಗೂದಿಲ್ಲ.

ಎರಡು ವರ್ಷದ ಕೋರ್ಸಿನ ಫೀ ಕಡಿಮಿ ಅಂತ ಹಿಗ್ಗಬ್ಯಾಡ, ಇನ್ನೊಂದು ವರ್ಷದ ಪಗಾರ ಹೋಗತದಲ್ಲ, ಅದನ್ನೂ ಕೂಡಿಸು. ಹೆಂಡತಿ ಪಗಾರದಾಗ ಮನಿ ನಡೀತದೇನು ಅನ್ನೂದನ್ನ ಇಬ್ಬರೂ ಕೂತು ಒಂದು ಹಾಳಿ ಮ್ಯಾಲ ಬರೀರಿ.

ಬೆಂಗಳೂರಿನಿಂದ, ವೀಕೆಂಡ್ ಕೋರ್ಸ್ ಮಾಡಿದವರು:

ಬನ್ನೇರುಘಟ್ಟ ರಸ್ತೆಯ ಆ ಕಲ್ಲುಗೋಡೆಯ ಐಐಎಂ ಕ್ಯಾಂಪಸ್ಸಿನಲ್ಲಿ ನಾನು ಕಲಿತದ್ದು ಬಹಳ. ಸಂಬಳ ನಿಲ್ಲಲಿಲ್ಲ, ಮಗುವಿನ ಶಾಲೆ ಬದಲಾಗಲಿಲ್ಲ. ಎಂಜಿನಿಯರಿಂಗ್ ತಂಡದಿಂದ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ಗೆ ಬಂದೆ, ಅದೂ ನಾನಿದ್ದ ಕಂಪನಿಯಲ್ಲೇ, ನನ್ನನ್ನು ಬಲ್ಲ ಮೇಲಧಿಕಾರಿ ಇದ್ದದ್ದರಿಂದ. ಈ ಕೋರ್ಸಿನ ಸ್ವಭಾವವೇ ಅದು: ನೀವು ನಿಂತಿರುವ ಜಾಗದಿಂದ ಒಂದು ಮೆಟ್ಟಿಲು ಮೇಲೆ ಅಥವಾ ಪಕ್ಕಕ್ಕೆ ಹೋಗಲು ಬಹಳ ಒಳ್ಳೆಯದು. ಬಿಡಿಭಾಗದ ಕಂಪನಿಯಿಂದ ಷೇರು ಸಂಸ್ಥೆಗೆ ಹೋಗಬೇಕಾದರೆ ಕ್ಯಾಂಪಸ್ ನೇಮಕಾತಿಯನ್ನು ನಂಬಿ ಇದಕ್ಕೆ ಸೇರಬೇಡಿ. ನಿಮ್ಮದೇ ಕಂಪನಿಯ ಫೈನಾನ್ಸ್ ವಿಭಾಗಕ್ಕೆ ಹೋಗುವ ಸಾಧ್ಯತೆ ಇದ್ದರೆ ಮನೆಯವರ ಮಾತಿನಲ್ಲಿ ಅರ್ಥವಿದೆ. ಪರ್ಚೇಸ್‌ನಲ್ಲಿದ್ದವರಿಗೆ ವೆಚ್ಚದ ಲೆಕ್ಕಾಚಾರ ಗೊತ್ತಿರುತ್ತದೆ, ಅದು ದೊಡ್ಡ ದೂರವಲ್ಲ.

ಮೈಸೂರಿನಿಂದ, ಎಂಬಿಎ ಮಾಡದೆ ಕ್ಷೇತ್ರ ಬದಲಿಸಿದವರು:

ಬ್ರದರ್, ನಿಮ್ಮ ಕೈಯಲ್ಲಿ ಇರುವ ಸರಕನ್ನು ಯಾರೂ ಎಣಿಸುತ್ತಿಲ್ಲ. ವಾಹನ ಉದ್ಯಮದ ಕಂಪನಿಗಳನ್ನು ವಿಶ್ಲೇಷಿಸುವವರಿಗೆ ಉಕ್ಕಿನ ಬೆಲೆ ಏರಿದರೆ ಬಿಡಿಭಾಗದ ಕಂಪನಿ ಅದನ್ನು ಗ್ರಾಹಕರ ಮೇಲೆ ಎಷ್ಟು ದಿನದಲ್ಲಿ ಹೊರಿಸುತ್ತದೆ, ವಿದ್ಯುತ್ ವಾಹನ ಬಂದರೆ ಯಾವ ಭಾಗಕ್ಕೆ ಬೇಡಿಕೆ ಬೀಳುತ್ತದೆ, ಇದೆಲ್ಲ ಪುಸ್ತಕದಿಂದ ಕಲಿಯಬೇಕಾಗುತ್ತದೆ. ನೀವು ಅದನ್ನು ಕಣ್ಣಾರೆ ಕಂಡಿದ್ದೀರಿ. ಹಾಗಾಗಿ ಇಡೀ ಹಣಕಾಸು ಕ್ಷೇತ್ರ ಅನ್ನಬೇಡಿ, ವಾಹನ ಉದ್ಯಮದ ಷೇರು ವಿಶ್ಲೇಷಣೆ ಅನ್ನಿ. ಆಗ ಉದ್ಯಮದ ತಿಳಿವಳಿಕೆ ಹಾಗೇ ಉಳಿದು ಕೆಲಸ ಮಾತ್ರ ಬದಲಾಗುತ್ತದೆ, ಮೊದಲ ಉತ್ತರದಲ್ಲಿ ಹೇಳಿದ ಕಷ್ಟ ಅರ್ಧ ಇಳಿಯುತ್ತದೆ.

ನಾನು ಫಾರ್ಮಾ ಕಂಪನಿಯಲ್ಲಿದ್ದು ಸಿಎಫ್‌ಎ ಬರೆದೆ, ಅಂದರೆ ಹೂಡಿಕೆ ವಿಶ್ಲೇಷಕರ ಅಂತರರಾಷ್ಟ್ರೀಯ ಪರೀಕ್ಷೆ. ಮೂರು ಹಂತ, ಕೆಲಸದ ಜೊತೆಗೇ ಓದಬಹುದು, ಖರ್ಚು ಎಂಬಿಎಯ ಒಂದು ಚೂರು. ಕ್ಯಾಂಪಸ್ ಇಲ್ಲ, ಜೊತೆಗಾರರಿಲ್ಲ, ಕೆಲಸ ಹುಡುಕಿಕೊಡುವವರಿಲ್ಲ, ಅದು ನಿಜವಾಗಿಯೂ ಕಷ್ಟ. ಎಂಬಿಎಗೆ ಹೋಗುವುದಾದರೂ ಮೊದಲ ಹಂತ ಮುಗಿಸಿ ಹೋಗಿ. ಸಂದರ್ಶನದಲ್ಲಿ ‘ಯಾಕೆ ಫೈನಾನ್ಸ್’ ಅಂತ ಕೇಳಿದಾಗ ತೋರಿಸಲು ಏನಾದರೂ ಇರುತ್ತದೆ.

ಸಿಂಗಾಪುರದಿಂದ:

ಚಿಕ್ಕದಾಗಿ. ಫ್ರಾನ್ಸ್, ಸಿಂಗಾಪುರಗಳಲ್ಲಿ ಕ್ಯಾಂಪಸ್ ಇರುವ ಇನ್‌ಸಿಯಾಡ್‌ನ ಹತ್ತು ತಿಂಗಳ ಎಂಬಿಎಗೂ ಇಂಟರ್ನ್‌ಶಿಪ್ ಬಗ್ಗೆ ಮೇಲೆ ಹೇಳಿದ ಮಾತೇ. ಜನವರಿಯಲ್ಲಿ ಸೇರಿದವರಿಗೆ ಮಧ್ಯೆ ಬೇಸಿಗೆ ಬಿಡುವಿದೆ, ಇಂಟರ್ನ್‌ಶಿಪ್ ಮಾಡಬಹುದು. ಆಗಸ್ಟ್‌ನಲ್ಲಿ ಸೇರಿದವರಿಗೆ ಆ ಬಿಡುವಿಲ್ಲ. ಕ್ಷೇತ್ರ ಬದಲಿಸುವವರು ಜನವರಿ ನೋಡುವುದು ಅದಕ್ಕೇ. ಶಾಲೆಯ ಹೆಸರಿನಷ್ಟೇ ಕೋರ್ಸಿನ ಕ್ಯಾಲೆಂಡರನ್ನೂ ಓದಿ.

ಬೊಮ್ಮಸಂದ್ರದಿಂದ, ಕೇಳಿದವರು:

ಇಷ್ಟು ಪ್ರೀತಿಯಿಂದ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆ. ಧಾರವಾಡದ ಸರ್, ತೋಟದ ಮಾತು ಅಪ್ಪನಿಗೂ ಓದಿ ಹೇಳಿದೆ. ವಾಹನ ಉದ್ಯಮದ ವಿಶ್ಲೇಷಣೆ ಅನ್ನುವ ಯೋಚನೆ ನನಗೆ ಹೊಳೆದೇ ಇರಲಿಲ್ಲ. ಮನಸ್ಸು ಕೋಝಿಕೋಡ್ ಕಡೆ ವಾಲುತ್ತಿದೆ. ಪ್ಲೇಸ್‌ಮೆಂಟ್ ವರದಿಯಲ್ಲಿ ಏನು ನೋಡಬೇಕು, ಹಳೆಯ ವಿದ್ಯಾರ್ಥಿಗಳನ್ನು ಏನು ಕೇಳಬೇಕು?

ಮುಂಬೈಯಿಂದ:

ಸರಾಸರಿ ಸಂಬಳವನ್ನು ಬಿಡಿ, ಮಧ್ಯಾಂಕ (ಮೀಡಿಯನ್, ಎಲ್ಲರ ಸಂಬಳ ಏರಿಕೆಯ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವುದು) ನೋಡಿ. ನಾಲ್ಕು ಜನಕ್ಕೆ ಕೋಟಿ ಬಂದರೆ ಸರಾಸರಿ ಏರುತ್ತದೆ, ಮಧ್ಯಾಂಕ ಅಲ್ಲಾಡುವುದಿಲ್ಲ. ಎಷ್ಟು ಜನ ನೇಮಕಾತಿಯಿಂದ ಹೊರಗುಳಿದರು ಅನ್ನುವುದೂ ಇರಬೇಕು. ಐಐಎಂ ಅಹಮದಾಬಾದ್ ಮುಂದಾಗಿ ರೂಪಿಸಿದ ಐಪಿಆರ್‌ಎಸ್ ಅನ್ನುವ ಪ್ಲೇಸ್‌ಮೆಂಟ್ ವರದಿಯ ಮಾನದಂಡದಂತೆ ಬರೆದು ಆಡಿಟ್ ಆದ ವರದಿ ಸಿಕ್ಕರೆ ಅದನ್ನೇ ನಂಬಿ. ‘ಬಿಎಫ್‌ಎಸ್‌ಐ’ (ಬ್ಯಾಂಕಿಂಗ್, ಹಣಕಾಸು ಸೇವೆ, ವಿಮೆ) ಅಂತ ಒಂದೇ ಸಾಲಿನಲ್ಲಿ ಹಾಕಿರುತ್ತಾರೆ. ಅದರೊಳಗೆ ಬ್ಯಾಂಕಿನ ಮಾರಾಟದ ಹುದ್ದೆಯೂ ಇರುತ್ತದೆ, ನಿಮಗೆ ಬೇಕಾದ ವಿಶ್ಲೇಷಣೆಯೂ ಇರುತ್ತದೆ, ಬಿಡಿಸಿ ಕೇಳಿ.

ಹಳೆಯ ವಿದ್ಯಾರ್ಥಿಗಳಲ್ಲಿ ಉತ್ಪಾದನೆಯಿಂದ ಬಂದು ಹಣಕಾಸಿಗೆ ಹೋದವರನ್ನೇ ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಎರಡೂ ಶಾಲೆಗಳಲ್ಲಿ ಅಂಥವರು ಎಷ್ಟು ಜನ ಸಿಗುತ್ತಾರೆ ಅನ್ನುವುದೇ ನಿಮಗೆ ಬೇಕಾದ ಉತ್ತರದ ಬಹುಪಾಲು. ಅವರನ್ನು ಶಾಲೆ ಹೇಗಿತ್ತು ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಅಂತಲೇ ಹೇಳುತ್ತಾರೆ. ಮೊದಲ ಹಣಕಾಸಿನ ಕೆಲಸ ಕ್ಯಾಂಪಸ್ಸಿನಿಂದ ಸಿಕ್ಕಿತೋ, ಆಮೇಲೆ ತಾವೇ ಹುಡುಕಿಕೊಂಡರೋ? ಎಷ್ಟು ವರ್ಷದ ಅನುಭವ ಇಟ್ಟುಕೊಂಡು ಸೇರಿದ್ದರು? ಶಾರ್ಟ್‌ಲಿಸ್ಟ್ ಬಾರದವರು ಏನು ಮಾಡಿದರು? ಈ ಮೂರಕ್ಕೆ ನೇರ ಉತ್ತರ ಸಿಕ್ಕರೆ ಸಾಕು.

ಗುರುಗ್ರಾಮದಿಂದ:

ಇದರ ಜೊತೆಗೆ, ಎರಡೂ ಕಡೆಯ ಸೀಟು ಉಳಿಸಿಕೊಳ್ಳುವ ಹಣ ಕಟ್ಟುವ ಕೊನೆಯ ದಿನ ಯಾವುದು, ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ ಎಂದು ಆಫರ್ ಪತ್ರದಲ್ಲಿ ಇವತ್ತೇ ನೋಡಿಕೊಳ್ಳಿ. ಆಟೋ ವಿಶ್ಲೇಷಣೆಗೆ ಹೋದ ನನ್ನ ಸಹಪಾಠಿಯೊಬ್ಬರು ಮುಂಬೈಯಲ್ಲಿದ್ದಾರೆ, ಅವರೂ ಹಿಂದೆ ಕಾರ್ಖಾನೆಯಲ್ಲಿದ್ದವರು. ಮಾತಾಡಲು ಒಪ್ಪಿದ್ದಾರೆ, ಭಾನುವಾರ ಬಿಡುವಿದ್ದರೆ ತಿಳಿಸಿ.