ಹೊಸ ಪಿಎನ್‌ಜಿ ಗೀಸರ್: ನಲ್ಲಿಗೆ ಹತ್ತಿ ಆರುತ್ತೆ, ಶವರ್‌ಗೆ ಹತ್ತೋದೇ ಇಲ್ಲ

ಮಹಡಿಮನೆ:
ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್, ಮೊದಲನೇ ಮಹಡಿ. ಪೈಪ್ ಗ್ಯಾಸ್ (ಪಿಎನ್‌ಜಿ) ಬಂದಿದೆ, ಸ್ಟವ್ ಚೆನ್ನಾಗಿ ಉರಿಯುತ್ತೆ. ಯುಟಿಲಿಟಿಯಲ್ಲಿ ನಿಮಿಷಕ್ಕೆ 6 ಲೀಟರಿನ, 12 ಕಿಲೋವ್ಯಾಟ್ ಗೀಸರ್ ಕೂರಿಸಿದ್ದಾರೆ. ಬಚ್ಚಲಿನ ನಲ್ಲಿ ತಿರುಗಿಸಿದರೆ ಟಿಕ್ ಟಿಕ್ ಅಂದು ಹತ್ತುತ್ತೆ, ಎಂಟು-ಹತ್ತು ಸೆಕೆಂಡಿಗೆ ಆರುತ್ತೆ. ಸ್ಟವ್ ಉರಿಯುತ್ತಿದ್ದರೆ ಇನ್ನೂ ಬೇಗ. ಶವರ್ ತೆಗೆದರೆ ಟಿಕ್ ಟಿಕ್ ಕೂಡ ಇಲ್ಲ. ಟ್ಯಾಂಕ್ ತಾರಸಿಯಿಂದ ಎರಡಡಿ ಮೇಲಿದೆ. ಮಳೆಗೆ ಅಂತ ಯುಟಿಲಿಟಿಗೆ ಅಲ್ಯೂಮಿನಿಯಂ ಜಾರುಕಿಟಕಿ ಹಾಕಿಸಿದ್ದೇವೆ. ಕೂರಿಸಿದವರು "ಪೈಪ್ ಗ್ಯಾಸಿನ ಪ್ರೆಷರ್ರೇ ಕಮ್ಮಿ" ಅಂತಾರೆ. ಕೆಲಸ ಮುಗಿಯಿತು ಅಂತ ಸಹಿ ಹಾಕುವ ಮೊದಲು ಏನೇನು ನೋಡಬೇಕು?

ನಲ್ಲಿಕೆಲಸ:
ಇವು ಎರಡು ಬೇರೆ ಬೇರೆ ತೊಂದರೆ. ಶವರಿನದು ನೀರಿನ ಕಡೆಯದು. ನೀರು ಹರಿದಾಗ ಒಳಗಿನ ರಬ್ಬರ್ ಪೊರೆ (ಡಯಾಫ್ರಮ್) ಉಬ್ಬಿ ಮೈಕ್ರೋಸ್ವಿಚ್ ಒತ್ತುತ್ತೆ, ಆಮೇಲೇ ಕಿಡಿ. ನಲ್ಲಿಗೆ ಕಿಡಿ ಬಂದು ಶವರ್‌ಗೆ ಬರಲಿಲ್ಲ ಅಂದರೆ ಹರಿವು ಸಾಲುತ್ತಿಲ್ಲ.

ಟ್ಯಾಂಕಿನ ನೀರಿನ ಮಟ್ಟ ಶವರಿಗಿಂತ ಒಂದು ಮೀಟರ್ ಮೇಲಿದ್ದರೆ ಸಿಗುವುದು 0.1 ಬಾರ್ ಒತ್ತಡ ಅಷ್ಟೇ. ನಿಮ್ಮಲ್ಲಿ ಟ್ಯಾಂಕಿನ ನೀರು ತಳಕ್ಕೆ ಇಳಿದಾಗ ಹೆಚ್ಚೆಂದರೆ ಒಂದೂವರೆ ಮೀಟರ್, ಅಂದರೆ 0.15 ಬಾರ್. ಕಡಿಮೆ ಒತ್ತಡಕ್ಕೆಂದೇ ಮಾಡಿದ ಗೀಸರಿಗೂ ಸಾಮಾನ್ಯವಾಗಿ 0.2ರಿಂದ 0.25 ಬಾರ್ ಬೇಕಾಗುತ್ತೆ. ಶವರ್ ಕೆಳಗೆ ಒಂದು ಲೀಟರ್ ಜಗ್ ಹಿಡಿದು ನೋಡಿ: ತುಂಬಲು 24 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಹರಿವು ನಿಮಿಷಕ್ಕೆ 2.5 ಲೀಟರಿಗಿಂತ ಕಮ್ಮಿ, ಅಷ್ಟರಲ್ಲಿ ಹತ್ತುವುದು ಕಷ್ಟ.

ಮೊದಲು ಗೀಸರಿಗೆ ನೀರು ಬರುವ ಬಾಯಲ್ಲಿರುವ ಜಾಲರಿ ಬಿಚ್ಚಿ ತೊಳೆಯಿರಿ. ಹೊಸ ಪೈಪ್ ಕೊರೆದ ಚೂರು, ಟೆಫ್ಲಾನ್ ಟೇಪಿನ ಎಳೆ ಅಲ್ಲೇ ಕೂತಿರುತ್ತೆ. ಶವರ್ ತಲೆ ಬಿಚ್ಚಿ ಬರೀ ಪೈಪಿನಿಂದ ನೀರು ಬಿಟ್ಟಾಗ ಹತ್ತಿಕೊಂಡರೆ ರಂಧ್ರ ದೊಡ್ಡದಿರುವ ಶವರ್ ತಂದರೆ ಸಾಕು. ಇಲ್ಲದಿದ್ದರೆ ಟ್ಯಾಂಕಿನಿಂದ ಮುಕ್ಕಾಲು ಇಂಚಿನ ಬೇರೆ ಲೈನ್, ಅಥವಾ ನೀರು ಹರಿದಾಗ ತಾನೇ ಚಾಲೂ ಆಗುವ (ಫ್ಲೋ ಸ್ವಿಚ್ ಇರುವ) ಸಣ್ಣ ಬೂಸ್ಟರ್ ಪಂಪ್. ಟ್ಯಾಂಕನ್ನು ಇನ್ನೊಂದಡಿ ಎತ್ತಿಸುವ ಖರ್ಚು ದಂಡ, ಅದರಿಂದ ಸಿಗುವುದು 0.03 ಬಾರ್.

ನೀಲಿಜ್ವಾಲೆ:
ಪ್ರೆಷರ್ ಕಮ್ಮಿ ಅಂತ ಬಾಯಲ್ಲಿ ಹೇಳಿದರೆ ಆಗಲ್ಲ, ಅಳೆದು ತೋರಿಸಬೇಕು. ಮನೆಗೆ ಬರುವ ಪಿಎನ್‌ಜಿ ಒತ್ತಡ 21 ಮಿಲಿಬಾರ್, ಒತ್ತಡ ಅಳೆಯುವ, ನೀರು ತುಂಬಿದ U ಆಕಾರದ ಕೊಳವೆಯಲ್ಲಿ ಸುಮಾರು 21 ಸೆಂ.ಮೀ. ನೀರಿನ ವ್ಯತ್ಯಾಸ. ಎಲ್ಲವೂ ಆರಿದ್ದಾಗ ಒಮ್ಮೆ, ಗೀಸರ್ ಮಾತ್ರ ಉರಿಯುವಾಗ ಒಮ್ಮೆ, ಸ್ಟವ್‌ನ ಎಲ್ಲ ಬರ್ನರ್ ಜೊತೆಗೆ ಒಮ್ಮೆ ನೋಡಬೇಕು. ಗೀಸರಿಗೆ ಗ್ಯಾಸ್ ಬರುವ ಬಾಯಲ್ಲಿ 17 ಮಿಲಿಬಾರಿಗಿಂತ ಕೆಳಗಿಳಿದರೆ ಪೈಪು ಸಣ್ಣದು, ಅಥವಾ ಸ್ಟವ್‌ನ ರಬ್ಬರ್ ಟ್ಯೂಬಿಗೇ ಕವಲು (ಟೀ ಜಾಯಿಂಟ್) ಹಾಕಿ ಕೊಟ್ಟಿದ್ದಾರೆ. ಈ ಅಳತೆ ಗ್ಯಾಸ್ ಕಂಪನಿ ಕಳಿಸಿದವರೇ ಮಾಡಲಿ. ಪ್ಲಂಬರ್ ಗ್ಯಾಸ್ ಲೈನ್ ಮುಟ್ಟಕೂಡದು.

ನೀವೇ ಮಾಡಬಹುದಾದ ಪರೀಕ್ಷೆ ಗ್ಯಾಸ್ ಮೀಟರಿನದು. ಸ್ಟವ್ ಆರಿಸಿ, ಗೀಸರಿನ ಗ್ಯಾಸ್ ಗುಬ್ಬಿ ಪೂರ್ತಿ ತಿರುಗಿಸಿ, ಉರಿ ನಿಂತಷ್ಟು ಸೆಕೆಂಡು ಮೀಟರ್ ಎಷ್ಟು ಓಡಿತು ನೋಡಿ, ನಿಮಿಷಕ್ಕೆ ಲೆಕ್ಕ ಹಾಕಿ. ಕೊನೆಯ ಮೂರು ಕೆಂಪು ಅಂಕಿ ಲೀಟರ್. ಪ್ರತಿ ಕಿಲೋವ್ಯಾಟಿಗೆ ನಿಮಿಷಕ್ಕೆ ಸುಮಾರು 1.7 ಲೀಟರ್ ಗ್ಯಾಸ್ ಬೇಕು. 12 ಕಿಲೋವ್ಯಾಟ್ ಅಂದರೆ 20-21 ಲೀಟರ್. ಶುರು ಮಾಡುವ ಮೊದಲು ಎರಡು ಹೊಸ ಆಲ್ಕಲೈನ್ ಸೆಲ್ ಹಾಕಿ. ಸೆಲ್ ಸೋತಿದ್ದರೆ ಕಿಡಿ ಬರುತ್ತೆ, ಆದರೆ ಗ್ಯಾಸ್ ಬಿಡುವ ಸೊಲೆನಾಯ್ಡ್ ವಾಲ್ವ್ ತೆರೆದು ನಿಲ್ಲಲ್ಲ.

ಗಾಳಿಕಿಂಡಿ:
ಪರೀಕ್ಷೆಗೂ ಜಾರುಕಿಟಕಿ ಪೂರ್ತಿ ತೆಗೆದೇ ಹಚ್ಚಿ. ಅದು ಮುಚ್ಚಿರುವಾಗ ಈ ಗೀಸರ್ ಉರಿಸಲೇಬೇಡಿ, ದಯವಿಟ್ಟು.

ಒಂದು ಘನ ಮೀಟರ್ ಪಿಎನ್‌ಜಿ ಉರಿಯಲು ಒಂಬತ್ತೂವರೆ ಘನ ಮೀಟರ್ ಗಾಳಿ ಬೇಕು. ನಿಮ್ಮ ಗೀಸರ್ ಗಂಟೆಗೆ ಸುಮಾರು 12 ಘನ ಮೀಟರ್ ಗಾಳಿ ತಿನ್ನುತ್ತೆ. ಐದಡಿ-ನಾಲ್ಕಡಿ ಯುಟಿಲಿಟಿಯಲ್ಲಿರುವುದೇ ಆರು ಇಲ್ಲ. ಆಮ್ಲಜನಕ ಕಮ್ಮಿಯಾದಂತೆ ಕಾರ್ಬನ್ ಮಾನಾಕ್ಸೈಡ್ ಏರುತ್ತೆ. ಪಿಎನ್‌ಜಿಗೆ ಬೆರೆಸುವ ವಾಸನೆ ಸೋರಿಕೆಯನ್ನು ತಿಳಿಸುತ್ತೆ, ಈ ವಿಷವನ್ನಲ್ಲ. ತಲೆನೋವು, ವಾಕರಿಕೆ, ಆಮೇಲೆ ಎಚ್ಚರ ತಪ್ಪುವುದು. ಕೆಳಗೊಂದು ಮೇಲೊಂದು, ಮುಚ್ಚಲಾಗದ ಜಾಲರಿ ಕಿಂಡಿ ಹೊರಗೋಡೆಗೆ ಇರಲಿ. ಹೊಗೆಕೊಳವೆ ಕಟ್ಟಡದ ಹೊರಗೆ ಹೋಗಲಿ, ಅಡುಗೆಮನೆ ಚಿಮಣಿಯ ಡಕ್ಟಿಗಲ್ಲ. ಗೀಸರ್ ತಲೆಯಿಂದ ಮೊದಲ ತಿರುವಿನವರೆಗೆ 60 ಸೆಂ.ಮೀ. ನೆಟ್ಟಗೆ ಏರಲಿ.

ಕಿಂಡಿ ಕೊರೆಸಿದ ಮೇಲೆ ಊದುಬತ್ತಿ ಪರೀಕ್ಷೆ ಮಾಡಿಸಿ. ಗೀಸರ್ ಐದು ನಿಮಿಷ ಉರಿದ ಮೇಲೆ, ಈ ಪರೀಕ್ಷೆಯಷ್ಟು ಹೊತ್ತು ಮಾತ್ರ ಕಿಟಕಿ ಮುಚ್ಚಿ, ಅಡುಗೆಮನೆ ಚಿಮಣಿ ಫ್ಯಾನ್ ಹಾಕಿ, ಹೊಗೆಕೊಳವೆ ಶುರುವಾಗುವಲ್ಲಿ ಊದುಬತ್ತಿ ಹಿಡಿಯಬೇಕು. ಊದುಬತ್ತಿಯ ಹೊಗೆಯನ್ನು ಕೊಳವೆ ಒಳಗೆ ಎಳೆದುಕೊಳ್ಳಬೇಕು. ಮುಖದ ಕಡೆ ಬಂದರೆ ತಕ್ಷಣ ಆರಿಸಿ ಕಿಟಕಿ ತೆಗೆಯಿರಿ. ಅಂದರೆ ಚಿಮಣಿ ಫ್ಯಾನ್ ಸುಟ್ಟ ಗಾಳಿಯನ್ನು ಮನೆಯೊಳಗೆ ಎಳೆಯುತ್ತಿದೆ.

ಮಹಡಿಮನೆ:
ಕಿಟಕಿ ತೆಗೆದೇ ನೋಡಿದೆವು. ಜಾಲರಿಯಲ್ಲಿ ಪೈಪಿನ ಚೂರು ಇತ್ತು, ತೆಗೆದ ಮೇಲೆ ಜಗ್ 19 ಸೆಕೆಂಡಿಗೆ ತುಂಬುತ್ತೆ, ಶವರ್‌ಗೂ ಕಿಡಿ ಬಂತು. ಗ್ಯಾಸ್ ಕಂಪನಿಯವರು ಅಳೆದರು: ಎಲ್ಲ ಆರಿದ್ದಾಗ 21 ಮಿಲಿಬಾರ್, ಗೀಸರ್ ಜೊತೆ 20, ಸ್ಟವ್ ಸೇರಿದರೆ 19. ಸೆಲ್ ಹೊಸದು. ಆದರೂ ಆರುತ್ತೆ. ಮೀಟರ್ ಲೆಕ್ಕ ನಿಮಿಷಕ್ಕೆ 11 ಲೀಟರ್ ಮಾತ್ರ.

ನೀಲಿಜ್ವಾಲೆ:
ಹಾಗಾದರೆ ಪ್ರೆಷರ್ ಸರಿಯಿದೆ. ಒಳಗಿರುವುದು ಎಲ್‌ಪಿಜಿಯ (ಸಿಲಿಂಡರ್ ಗ್ಯಾಸಿನ) ನಾಜಲ್, ಅಂದರೆ ಗ್ಯಾಸ್ ಚಿಮ್ಮುವ ಮೂತಿ. ಎಲ್‌ಪಿಜಿ 30 ಮಿಲಿಬಾರಿನಲ್ಲಿ ಬರುವ ಗಟ್ಟಿ ಗ್ಯಾಸ್, ಅದಕ್ಕೆ ಸಣ್ಣ ರಂಧ್ರ ಸಾಕು. ಪಿಎನ್‌ಜಿಯಲ್ಲಿ ಅಷ್ಟೇ ಶಾಖ ಬೇಕಾದರೆ ರಂಧ್ರದ ವಿಸ್ತೀರ್ಣ ಹತ್ತಿರ ಹತ್ತಿರ 1.9 ಪಟ್ಟು ಇರಬೇಕು. 21 ಬೇಕಾದಲ್ಲಿ 11 ಬಂದಿರುವುದು ಅದೇ ಲೆಕ್ಕ. ಉರಿ ಕುಳ್ಳಾಗಿ, ಉರಿ ಇದೆಯೇ ಅಂತ ನೋಡುವ ಸೆನ್ಸರ್ ಕಡ್ಡಿಗೆ ಸರಿಯಾಗಿ ತಾಗದೆ, ಸರ್ಕ್ಯೂಟ್ ಗ್ಯಾಸ್ ನಿಲ್ಲಿಸುತ್ತೆ. ಸ್ಟವ್ ಹಚ್ಚಿದಾಗ ಒತ್ತಡ ಒಂದು ಮಿಲಿಬಾರ್ ಇಳಿದದ್ದಕ್ಕೇ ಬೇಗ ಆರುವುದೂ ಇದರಿಂದಲೇ.

ಪಕ್ಕದ ಫಲಕದಲ್ಲಿ ಯಾವ ಗ್ಯಾಸ್ ಅಂತ ಬರೆದಿದೆ ಓದಿ. ಎಲ್‌ಪಿಜಿ ಅಂತಿದ್ದರೆ ವಾಪಸ್ ಕೊಟ್ಟು ಪಿಎನ್‌ಜಿ ಮಾಡೆಲ್ ತರಿಸಿ. "ರಂಧ್ರ ಕೊರೆದುಕೊಡ್ತೀನಿ" ಅಂದರೆ ಒಪ್ಪಬೇಡಿ. ಸಾಲಿನಲ್ಲಿರುವ ಹತ್ತಾರು ನಾಜಲ್ ಒಂದೇ ಅಳತೆಗೆ ಬರಲ್ಲ, ದೊಡ್ಡದಾದ ಕಡೆ ಹಳದಿ ಉರಿ, ನೀರು ಕಾಯಿಸುವ ತೆಳು ತಗಡುಗಳ (ಫಿನ್) ನಡುವೆ ಮಸಿ, ಮತ್ತೆ ಅದೇ ಮಾನಾಕ್ಸೈಡ್.

ಹೊಸದು ಬಂದ ಮೇಲೆ ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿಸಿ, ಎಲ್ಲ ಆರಿಸಿ ಹದಿನೈದು ನಿಮಿಷ ಮೀಟರಿನ ಕೊನೆಯ ಅಂಕಿ ಅಲ್ಲಾಡುತ್ತಾ ನೋಡಿ. ಆಮೇಲೆ ಮೀಟರ್ ಲೆಕ್ಕ, ಊದುಬತ್ತಿ. ಇವು ಮುಗಿದ ಮೇಲೆ ಸಹಿ.