ವಯಸ್ಸಾದ ನಾಯಿಗೆ ಚಳಿಯಲ್ಲಿ ಏನು ಹಾಸುತ್ತೀರಿ?

ತೋಟದಮನೆ, ಸೋಮವಾರಪೇಟೆ

ನಮ್ಮ ಕರಿಯನಿಗೆ ಈಗ 11 ವರ್ಷ. ಊರು ನಾಯಿ. ಇಷ್ಟು ವರ್ಷ ಕಾಫಿ ಕಣದಲ್ಲೇ ಮಲಗುತ್ತಿದ್ದ. ಹಗಲೆಲ್ಲಾ ಬಿಸಿಲಿಗೆ ಕಾದ ಸಿಮೆಂಟು ರಾತ್ರಿ ಊಟದ ಹೊತ್ತಿಗೂ ಬೆಚ್ಚಗಿರುತ್ತದೆ, ಅದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಬೆಳಗಿನ ಜಾವ ಮಂಜು ಇಳಿದ ಮೇಲೆ ಅದೇ ಕಣದಲ್ಲಿ ನಮಗೇ ಬರಿಗಾಲು ಇಡಲು ಆಗುವುದಿಲ್ಲ. ಈ ಸಲ ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದಾಗಿನಿಂದ ನೋಡುತ್ತಿದ್ದೇನೆ, ಬೆಳಿಗ್ಗೆ ಏಳುವಾಗ ಹಿಂಗಾಲು ಎಳೆಯುತ್ತಾನೆ, ಗೇಟಿನವರೆಗೆ ಹೋಗಿ ಬಂದರೆ ಸರಿಹೋಗುತ್ತದೆ.

ಜಗಲಿಯಲ್ಲಿ ಗೋಣಿಚೀಲ ಹಾಸಿದೆ. ಬೆಳಿಗ್ಗೆ ಮುಟ್ಟಿದರೆ ತಣ್ಣಗೆ, ತೇವ ತೇವ. ಕೆಲಸಕ್ಕೆ ಬರುವವರೊಬ್ಬರು ಕಾಫಿ ಸಿಪ್ಪೆ ಹಾಸಿ, ರಾಶಿ ಬಿದ್ದಿದೆಯಲ್ಲ, ಬೆಚ್ಚಗಿರುತ್ತದೆ ಅಂದರು. ಹಾಕಬಹುದಾ? ಒಳಗೆ ಮಲಗಿಸೋಣ ಅಂದರೆ ಅಮ್ಮ ಒಪ್ಪುವುದಿಲ್ಲ, ಆ ಮಾತು ಬಿಡಿ.

ನಾಪೋಕ್ಲು_ಅಕ್ಕ

ಕಾಫಿ ಸಿಪ್ಪೆ ಮಾತ್ರ ಬೇಡವೇ ಬೇಡ. ಬೀಜದಲ್ಲಿ ಇರುವ ಕೆಫೀನ್ ಸಿಪ್ಪೆಯಲ್ಲೂ ಇರುತ್ತದೆ, ನಾಯಿಗೆ ಅದು ವಿಷ. ದೊಡ್ಡ ನಾಯಿ ಸುಮ್ನೆ ಮಲಗಬಹುದು, ಆದರೆ ಬೇಜಾರಾದರೆ ಹಾಸಿದ್ದನ್ನು ಅಗಿಯದ ನಾಯಿ ಯಾವುದಿದೆ ಹೇಳಿ.

ಎರಡು ವರ್ಷದ ಹಿಂದೆ ನಮ್ಮ ಮರಿ ಟಾರ್ಪಲ್ ಅಡಿಗೆ ನುಗ್ಗಿ ಒಣಗಿದ ಕಾಫಿ ತಿಂದಿತ್ತು. ಮೊದಲು ವಾಂತಿ. ಆಮೇಲೆ ಒಂದು ಕಡೆ ನಿಲ್ಲದೆ ಮನೆ ತುಂಬಾ ಓಡಾಟ, ಮೈಯೆಲ್ಲಾ ನಡುಕ, ಎದೆ ಹೊಡೆದುಕೊಳ್ಳುವುದು ಪಕ್ಕೆಲುಬಿನ ಮೇಲೆ ಕಣ್ಣಿಗೇ ಕಾಣುತ್ತಿತ್ತು. ನಾವು ಚಳಿಗೆ ನಡುಗುತ್ತಿದೆ ಅಂದುಕೊಂಡು ಕಂಬಳಿ ಸುತ್ತಿ ಒಂದು ಗಂಟೆ ಹಾಳು ಮಾಡಿದೆವು. ಡ್ರಿಪ್ ಹಾಕಿಸಿ ಹೇಗೋ ಉಳಿಯಿತು. ಕೊಯ್ಲಿನ ಸಮಯದಲ್ಲಿ ನಾಯಿ ನಡುಗಿದರೆ ಕಣದ ಕಡೆಯೂ ಒಮ್ಮೆ ನೋಡಿ.

ಗೋಣಿಕೊಪ್ಪ_77

ನಿಮ್ಮ ತೊಂದರೆ ಚಳಿಗಿಂತ ಜಾಸ್ತಿ ತೇವದ್ದು. ಗೋಣಿ, ಹಳೇ ಬೆಡ್‌ಶೀಟು, ಕಂಬಳಿ ಎಲ್ಲಾ ಮಂಜಿನ ನೀರು ಹೀರಿಕೊಂಡು ಕೂರುತ್ತವೆ, ಒದ್ದೆ ಬಟ್ಟೆ ಮೇಲೆ ಮಲಗಿಸಿದ ಹಾಗೆ. ಭತ್ತದ ಹುಲ್ಲು ಹಾಕಿ. ಗದ್ದೆ ಕೊಯ್ಲು ಈಗಷ್ಟೇ ಮುಗಿದಿದೆ, ಕೇಳಿದರೆ ಯಾರಾದರೂ ಎರಡು ಕಟ್ಟು ಕೊಟ್ಟೇ ಕೊಡುತ್ತಾರೆ. ನಾಯಿ ಅದರೊಳಗೆ ಹುದುಗಿಕೊಳ್ಳುತ್ತದೆ, ಹುಲ್ಲಿನ ಸಂದಿಯಲ್ಲಿ ನಿಂತ ಗಾಳಿಯೇ ಮೈಬಿಸಿಯನ್ನು ಹಿಡಿದಿಡುತ್ತದೆ.

ನಾನು ಮಾಡಿದ್ದು ಹೀಗೆ. ಸಿಲ್ವರ್ ಓಕ್ ಹಲಗೆ ಉಳಿದಿತ್ತು, ಅದರಲ್ಲಿ ಒಂದು ಪೆಟ್ಟಿಗೆ ಹೊಡೆಸಿ ಕೆಳಗೆ ನಾಲ್ಕು ಇಟ್ಟಿಗೆ ಕೊಟ್ಟೆ, ನೆಲದ ತಂಪು ತಾಗಬಾರದು. ಪೆಟ್ಟಿಗೆ ದೊಡ್ಡದಾಗಿರಲಿ ಅಂತ ಎಲ್ಲರಿಗೂ ಆಸೆ, ನನಗೂ ಇತ್ತು, ಅದು ತಪ್ಪು. ಎದ್ದು ನಿಂತು ಒಂದು ಸುತ್ತು ತಿರುಗಿ ಮಲಗುವಷ್ಟು ಸಾಕು, ಇಲ್ಲದಿದ್ದರೆ ಅದರ ಮೈಬಿಸಿಗೆ ಒಳಗೆ ಬೆಚ್ಚಗಾಗುವುದೇ ಇಲ್ಲ. ಬಾಗಿಲು ಗಾಳಿ ಬೀಸುವ ಕಡೆ ಬೇಡ. ಹುಲ್ಲನ್ನು ವಾರಕ್ಕೊಮ್ಮೆ ಬಿಸಿಲಿಗೆ ಹರಡಿ, ಉಣ್ಣೆ ಹುಳ ಇದೆಯಾ ನೋಡಿ, ನೆನೆದರೆ ಬದಲಾಯಿಸಿ.

ಸಂಪಾಜೆ_ಘಾಟಿ

ಊರು ನಾಯಿಗೆ ಎಂತ ಚಳಿ ಮಾರ್ರೆ, ಹಿಮ ಬೀಳುವ ಊರಾ ನಮ್ಮದು?

ಗೋಣಿಕೊಪ್ಪ_77

@ಸಂಪಾಜೆ_ಘಾಟಿ ಮೂರು ವರ್ಷದ ನಾಯಿಗೆ ನಿಮ್ಮ ಮಾತು ಸರಿ. 11 ವರ್ಷದ ನಾಯಿಯ ಕೀಲು ಬೇರೆ. ನಮ್ಮಜ್ಜನೂ ಊರಿನವರೇ, ಡಿಸೆಂಬರ್ ಬಂದರೆ ಒಲೆ ಮುಂದಿನಿಂದ ಏಳುವುದಿಲ್ಲ.

ಮಡಿಕೇರಿ_ಮಂಜು

ಎರಡು ಮಾತು ಸೇರಿಸುತ್ತೇನೆ. ಕಾಲು ಎಳೆಯುತ್ತದೆ ಅಂತ ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ, ಪ್ಯಾರಸಿಟಮಾಲ್ ಕೂಡ ಸುಮ್ನೆ ಕೊಡುವಂಥದ್ದಲ್ಲ. ನಾಯಿಗೆ ಬೇರೆಯೇ ಮಾತ್ರೆ ಇದೆ, ಪಶು ವೈದ್ಯರು ತೂಕ ನೋಡಿ ಬರೆದುಕೊಡುತ್ತಾರೆ. ಮೈ ಬಿಸಿ ಅಂತ ಗಾಬರಿಯೂ ಬೇಡ, ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಮಾಮೂಲಿ. 99ಕ್ಕಿಂತ ಕೆಳಗೆ ಇಳಿದು ಮಂಕಾಗಿ ಬಿದ್ದುಕೊಂಡರೆ ಆಗ ಓಡಿ.

ಇನ್ನೊಂದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಡಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ, ನಾಯಿಗೂ ಅಪಾಯ, ನಿಮಗೂ. ಹಾಗಂತ ಕಣದಲ್ಲಿ ಬಿಡಬೇಡಿ. ಚಿರತೆ ಓಡಾಡುವ ಕಡೆ ಕಟ್ಟಿಹಾಕಿದ ನಾಯಿ ಅಂದರೆ ಬಡಿಸಿಟ್ಟ ಊಟ. ಜಗಲಿಗೆ ಗ್ರಿಲ್ ಇದೆ ತಾನೇ?

ತೋಟದಮನೆ, ಸೋಮವಾರಪೇಟೆ

ಗ್ರಿಲ್ ಇದೆ, ರಾತ್ರಿ ಚಿಲಕ ಹಾಕುತ್ತೇವೆ. ಎಲ್ಲರಿಗೂ ಥ್ಯಾಂಕ್ಸ್. ಸಿಪ್ಪೆ ರಾಶಿಗೆ ಬೇಲಿ ಹಾಕಿಸಿದೆ.

ಪೆಟ್ಟಿಗೆ ಆಯಿತು, ಹುಲ್ಲೂ ಬಂತು. ಮೊದಲ ಎರಡು ರಾತ್ರಿ ಕರಿಯ ಒಳಗೆ ಹೋಗಲೇ ಇಲ್ಲ. ಅರ್ಧ ಹುಲ್ಲು ಹೊರಗೆ ಎಳೆದು ಪೆಟ್ಟಿಗೆ ಪಕ್ಕದಲ್ಲೇ ಮಲಗಿದ. ಮೂರನೇ ದಿನ ಅವನ ಹಳೇ ಗೋಣಿಯನ್ನು ಬಿಸಿಲಲ್ಲಿ ಒಣಗಿಸಿ ಬಾಗಿಲಿಗೆ ಇಳಿಬಿಟ್ಟೆ. ಮೂಸಿ ನೋಡಿ ಒಳಗೆ ಹೋದ. ಬೆಳಿಗ್ಗೆ ಹೊಟ್ಟೆ ಅಡಿಯ ಹುಲ್ಲಿಗೆ ಕೈ ಹಾಕಿದೆ, ಒಣಗಿತ್ತು, ಬೆಚ್ಚಗೂ ಇತ್ತು. ಕಾಲು ಎಳೆಯುವುದು ಪೂರ್ತಿ ನಿಂತಿಲ್ಲ, ಸೋಮವಾರ ತೋರಿಸಲು ಕರೆದುಕೊಂಡು ಹೋಗುತ್ತೇನೆ. ಜೀಪ್ ಸ್ಟಾರ್ಟ್ ಆದ ಸದ್ದಿಗೇ ತೋಟದೊಳಗೆ ಓಡುವ ಪ್ರಾಣಿ ಇದು, ಆಗ ಕಾಲುನೋವು ಎಲ್ಲಿ ಹೋಗುತ್ತದೋ. ಹತ್ತಿಸಲು ಏನಾದರೂ ಉಪಾಯ ಇದ್ದರೆ ಹೇಳಿ.