ಸಹಾಯ ಬೇಕು: ಚಿತ್ರಪುಸ್ತಕದಲ್ಲಿ ಒತ್ತಕ್ಷರದ ತಕರಾರು
ಎಲ್ಲರಿಗೂ ನಮಸ್ಕಾರ. ಮಕ್ಕಳ ಪುಸ್ತಕಕ್ಕೆ ಇಳಿದಿದ್ದೇನೆ. ತೊಂದರೆ ಇದು.

5–6 ವರ್ಷದವರಿಗೆ 24 ಪುಟದ ಚಿತ್ರಪುಸ್ತಕ. ನಡುವೆ ಪಿನ್ ಹೊಡೆಯುವುದರಿಂದ ಪುಟಗಳು 4ರ ಗುಣಕದಲ್ಲೇ ಇರಬೇಕು, ಹೆಚ್ಚಿಸಿದರೆ 28ಕ್ಕೇ ಹೋಗಬೇಕು. ಕಥೆ ಯೂನಿಕೋಡ್‌ನಲ್ಲಿದೆ (ಎಲ್ಲ ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರ ಸಂಕೇತ). ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ‘ಅಜ್ಜಿ’ ಒಡೆದು ‘ಅಜ್‌ಜಿ’ ಆಗುತ್ತಿತ್ತು. ಅದರಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ‘ವರ್ಲ್ಡ್-ರೆಡಿ ಕಂಪೋಸರ್’ ಆಯ್ಕೆ ಆರಿಸಿದ ಮೇಲೆ ಸರಿಹೋಯಿತು.

ಈಗ ಉಳಿದದ್ದು ಸಾಲಿನ ಅಂತರ. 18 ಪಾಯಿಂಟ್ ಅಕ್ಷರಕ್ಕೆ 27 ಇಟ್ಟರೂ ‘ಉಷ್ಟ್ರಪಕ್ಷಿ’ಯ ಜೋಡಿ ಒತ್ತು ಕೆಳಸಾಲಿನ ‘ಕಿ’ಯ ಗುಡಿಸಿಗೆ ತಾಗುತ್ತದೆ. 32 ಇಟ್ಟರೆ ಪಠ್ಯ ಚಿತ್ರದ ಮೇಲೆ ಹತ್ತುತ್ತದೆ. ಒತ್ತುಗಳು ಗಿಡ್ಡಗಿರುವ, ಆದರೆ ಮಗುವಿಗೆ ಸ್ಪಷ್ಟವಾಗಿ ಕಾಣುವ ಯೂನಿಕೋಡ್ ಫಾಂಟ್ ಯಾವುದು? ಇಲ್ಲಾ ಪದವನ್ನೇ ಬದಲಿಸುವುದು ವಾಸಿಯೇ? ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್ ಬೇಡ, ಇ-ಪುಸ್ತಕದಲ್ಲಿ ಪದ ಹುಡುಕಲಾಗುವುದಿಲ್ಲ.